ನಲವತ್ತಮೂರನೇ ವಾಲ್ವು

ನಮ್ಮ ಗಲ್ಲಿಯನ್ನು ಒಂದೇ ವರ್ಷದಲ್ಲಿ ನಾಲ್ಕು ಸಲ ಅಗೆದರು. ಎಡಗಡೆಯ ಮನೆಗಳು ನಗರಸಭೆಗೆ ಸೇರಿದವು, ಬಲಗಡೆಯವು ಪಕ್ಕದ ಪಂಚಾಯಿತಿಗೆ. ನಡುವಿನ ಎಂಟಡಿ ರಸ್ತೆ ಯಾರದ್ದು ಎಂದು ಕೇಳಿದರೆ ಎರಡೂ ಕಡೆಯವರು ಆಕಾಶ ನೋಡುತ್ತಾರೆ. ಎಡಗಡೆಯವರು ಡಾಂಬರು ಹಾಕಿದ ಒಂಬತ್ತನೇ ದಿನಕ್ಕೆ ಬಲಗಡೆಯವರು ಚರಂಡಿಗೆಂದು ಅಗೆಯುವ ಯಂತ್ರ ತಂದರು. ಅವರು ಮುಚ್ಚಿ ಹೋದ ಮೇಲೆ ಇವರು ಕೇಬಲ್ಲಿಗೆಂದು ಬಂದರು. ನಾನು ಹೊಲಿಗೆಯವಳು. ಒಂದೇ ಅಂಗಿಯ ಮುಂಭಾಗವನ್ನು ಒಬ್ಬರು, ಬೆನ್ನನ್ನು ಇನ್ನೊಬ್ಬರು ತಮ್ಮ ತಮ್ಮ ಅಳತೆಗೆ ಕತ್ತರಿಸಿ ತಂದುಕೊಟ್ಟರೆ ನಾನಾದರೂ ಏನು ಹೊಲಿಯಲಿ? ನಮ್ಮ ಗಲ್ಲಿಯ ಗತಿಯೂ ಅದೇ ಆಗಿತ್ತು.

ಮೂರನೇ ಅಗೆತದ ಧೂಳು ಇನ್ನೂ ಬಟ್ಟೆಗಳ ಮೇಲಿದ್ದಾಗ ಒಬ್ಬ ಹುಡುಗಿ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಕೋಲು, ಅದರ ತುದಿಗೆ ತಟ್ಟೆಯಂಥ ಯಂತ್ರ.

"ಅಕ್ಕಾ, ನಾನು ಸರ್ವೆಯವಳು. ನಗರಸಭೆ, ಪಂಚಾಯಿತಿ ಎರಡೂ ಸೇರಿ ಒಂದೇ ನಕ್ಷೆ ಮಾಡಿಸ್ತಿವೆ. ಕಂಪ್ಯೂಟರಲ್ಲಿರುತ್ತೆ. ಜಿಐಎಸ್ ಅಂತಾರೆ."

"ಇರೋ ನಕ್ಷೆಗಳೇ ಸಾಲದಾ?"

"ಈಗ ಅವರ ನಕ್ಷೆ ಇವರು ನೋಡಲ್ಲ, ಇವರದ್ದು ಅವರು ನೋಡಲ್ಲ. ಇದರಲ್ಲಿ ಪೈಪು, ಚರಂಡಿ, ಕಂಬ, ಮನೆ ಎಲ್ಲ ಒಂದೇ ಕಡೆ ಕಾಣುತ್ತೆ. ಯಾರೇ ಅಗೆಯೋಕೆ ಮುಂಚೆ ಅದನ್ನ ನೋಡ್ಲೇಬೇಕು. ನಿಮ್ಮ ಮಾವ ನೀರು ಬಿಡ್ತಿದ್ರಂತಲ್ಲ? ಹಳೇ ವಾಲ್ವುಗಳು ಎಲ್ಲೆಲ್ಲಿವೆ ಅಂತ ಅವರು ಹೇಳಿದ್ರೆ ಸಾಕು."

ಒಳಗಿದ್ದ ಮಾವನಿಗೆ ಕೇಳಿಸಿತು. ಮಂಡಿ ಆಪರೇಷನ್ ಆದ ಮೇಲೆ ಅವರು ಎದ್ದು ಬರುವುದು ನಿಧಾನ, ಮಾತು ಮಾತ್ರ ಮೊದಲಿನಷ್ಟೇ ಜೋರು.

"ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟಿದ್ದೀನಿ ಕಣಮ್ಮಾ. ನಲವತ್ತಮೂರು ವಾಲ್ವು. ಬರೆದಿಟ್ಕೊಳ್ಳಿ ಸಾರ್ ಅಂತ ಅವತ್ತೇ ಬಾಯಿ ಬಡ್ಕೊಂಡೆ. ಸುಮ್ನೆ ನಿನ್ನ ಕೆಲಸ ನೋಡ್ಕೋ ಅಂದ್ರು. ಈಗ ನಾನು ಬೇಕಾದ್ನಾ?" ಎಂದು ತಲೆ ತಟ್ಟಿಕೊಂಡರು. "ನಕ್ಷೆ ಇಲ್ಲಿದೆ. ಇಲ್ಲೇ ಇರುತ್ತೆ. ಹೋಗು."

ನಾನಾದರೂ ತಡೆಯಬಹುದಿತ್ತು. ಸಂಜೆಯೊಳಗೆ ಶಾಲೆಯ ಹದಿನೆಂಟು ಸಮವಸ್ತ್ರಗಳಿಗೆ ಗುಂಡಿ ಹಾಕಬೇಕಿತ್ತು. "ನಾಳೆ ಬಾಮ್ಮಾ" ಎಂದೆ. ಆಫೀಸುಗಳಲ್ಲಿ ಕೇಳಿ ಕೇಳಿ ನನಗೆ ರೋಸಿಹೋದ ಮಾತದು.

ನಾಲ್ಕನೇ ಸಲ ಬಂದ ಯಂತ್ರ ಚರಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಪೈಪನ್ನು ಸೀಳಿತು. ಯಾರೂ ಗಮನಿಸಲಿಲ್ಲ. ಎರಡು ದಿನ ನಲ್ಲಿ ನೀರು ಸ್ವಲ್ಪ ವಾಸನೆ ಬಂತು. ಮೂರನೇ ದಿನ ನನ್ನ ಐದು ವರ್ಷದ ಮಗಳಿಗೆ ವಾಂತಿಭೇದಿ ಹತ್ತಿತು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅವಳ ಪುಟ್ಟ ಕೈಗೆ ಡ್ರಿಪ್ ಹಾಕಿದರು.

ಆಮೇಲೆ ಆಫೀಸಿನವರಿಗೆ ಎಚ್ಚರವಾಯಿತು. ಏನು ಮಾಡಿದರು ಹೇಳಿ? ಟ್ಯಾಂಕಿನಿಂದಲೇ ನೀರು ನಿಲ್ಲಿಸಿಬಿಟ್ಟರು! ಇನ್ನೂರು ಮನೆಗೆ ನೀರಿಲ್ಲ. ಅದೇ ಲೈನಿನ ಮೇಲಿದ್ದ ಆಸ್ಪತ್ರೆಗೂ ಇಲ್ಲ. ಮರುದಿನ ಬೆಳಿಗ್ಗೆ ನರ್ಸಮ್ಮ ನನ್ನನ್ನು ಹೊರಗೆ ಕರೆದಳು. "ಸಂಜೆವರೆಗೆ ನೀರು ಬರದಿದ್ರೆ ಮಕ್ಕಳನ್ನೆಲ್ಲ ಬೇರೆ ಊರಿಗೆ ಕಳಿಸ್ಬೇಕಾಗುತ್ತೆ. ನಿಮ್ಮ ಮಗು ಈಗ ಅಷ್ಟು ದೂರ ಹೋಗೋ ಸ್ಥಿತಿಯಲ್ಲಿಲ್ಲ."

ಮಗಳ ಹತ್ತಿರ ಗಂಡನನ್ನು ಕೂರಿಸಿ ಮನೆಗೆ ಓಡಿದೆ. ಗಲ್ಲಿಯಲ್ಲಿ ಇಬ್ಬರು ಎಂಜಿನಿಯರುಗಳು ನಿಂತಿದ್ದರು, ಎಡಗಡೆಯವರೊಬ್ಬರು, ಬಲಗಡೆಯವರೊಬ್ಬರು.

"ಈ ಗಲ್ಲಿಗೊಂದೇ ನೀರು ನಿಲ್ಲಿಸೋ ವಾಲ್ವ್ ಇರ್ಬೇಕಲ್ಲ ಸಾರ್? ಅದನ್ನ ಮುಚ್ಚಿ ಮಿಕ್ಕವರಿಗೆ ಬಿಡಿ" ಎಂದೆ.

"ಇದೆಯಮ್ಮಾ. ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಡಾಂಬರಿನ ಅಡಿಗೆ ಹೋಗಿದೆ."

"ನಕ್ಷೆ ತೋರಿಸಿ."

ಇಬ್ಬರ ನಕ್ಷೆಗಳನ್ನೂ ಇಸಿದುಕೊಂಡು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಹಾಸಿದೆ. ಒಂದು ನಕ್ಷೆ ನಮ್ಮ ಗೋಡೆಗೆ ಮುಗಿಯುತ್ತದೆ. ಇನ್ನೊಂದು ಎದುರು ಮನೆಯ ಗೋಡೆಯಿಂದ ಶುರುವಾಗುತ್ತದೆ. ನಡುವೆ ನಮ್ಮ ಗಲ್ಲಿಯೇ ಇಲ್ಲ! ನಾವು ಓಡಾಡುವ, ನೀರು ಕುಡಿಯುವ, ನಾಲ್ಕು ಸಲ ಅಗೆಸಿಕೊಂಡ ಗಲ್ಲಿ ಇಬ್ಬರ ಕಾಗದದಲ್ಲೂ ಇಲ್ಲ.

"ಅದು ಅವರ ಕಡೆಗೆ ಬರುತ್ತೆ" ಎಂದರು ಎಡಗಡೆಯವರು.

"ಇಲ್ಲ ಇಲ್ಲ, ಅವರದ್ದೇ" ಎಂದರು ಬಲಗಡೆಯವರು.

ಕೈಯಲ್ಲಿ ಕತ್ತರಿ ಇರಲಿಲ್ಲ, ಪುಣ್ಯ. "ಮಾವಾ!" ಎಂದು ಕೂಗಿದೆ.

ಮಾವ ಬಂದರು. ಮೊಮ್ಮಗಳ ವಿಷಯ ಕೇಳಿದಾಗಿನಿಂದ ಅವರ ಬಾಯಿಗೆ ಅನ್ನ ಸೇರಿರಲಿಲ್ಲ. ಈ ಸಲ ಕೊಸರಾಡಲಿಲ್ಲ. ಹಿಟ್ಟಿನ ಗಿರಣಿಯ ಮೂಲೆಗೆ ಬೆನ್ನು ಕೊಟ್ಟು ನಿಂತು, "ಇಲ್ಲಿಂದ ನೇರವಾಗಿ ಇಪ್ಪತ್ತೆರಡು ಹೆಜ್ಜೆ" ಎಂದು ಎಣಿಸುತ್ತ ನಡೆದರು. ನಿಂತಲ್ಲಿ ಊರುಗೋಲಿನಿಂದ ಕುಟ್ಟಿದರು. "ಇಲ್ಲಿ ಅಗೀರಿ."

ಆಳುಗಳು ಅಗೆದರು. ಎರಡಡಿ ಹೋದರೂ ಮಣ್ಣು, ಮೂರಡಿ ಹೋದರೂ ಮಣ್ಣು. ಮಾವ ಮತ್ತೆ ಗಿರಣಿಯಿಂದ ಎಣಿಸಿಕೊಂಡು ಬಂದರು. ಮತ್ತೆ ಅದೇ ಜಾಗ.

"ಅಜ್ಜನಿಗೆ ವಯಸ್ಸಾಯ್ತು" ಎಂದು ಎಂಜಿನಿಯರುಗಳು ಪಿಸುಗುಟ್ಟಿದರು. ಅಷ್ಟು ಹೊತ್ತಿಗೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಮಾವ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತರು. "ಇಪ್ಪತ್ತೆರಡೇ ಕಣಮ್ಮಾ. ಸಾವಿರ ಸಲ ನಡೆದಿದ್ದೀನಿ. ನನ್ನ ತಲೆ ಕೆಟ್ಟಿತಾ?"

ಅವರ ಮುಖ ನೋಡಲಾಗದೆ ನಾನು ಕಾಲು ನೋಡಿದೆ. ಆಗ ಹೊಳೆಯಿತು. ಆಪರೇಷನ್ ಆದ ಮೇಲೆ ಅವರು ಕಾಲನ್ನು ಚಾಚಿ ಇಡುವುದಿಲ್ಲ, ಹತ್ತಿರ ಹತ್ತಿರ ಇಡುತ್ತಾರೆ. ಲೆಕ್ಕ ಸರಿಯಾಗಿತ್ತು, ಹೆಜ್ಜೆ ಗಿಡ್ಡವಾಗಿತ್ತು.

"ಮಾವ, ಕಣ್ಣಿಗೆ ಕಾಣೋ ವಾಲ್ವ್ ಯಾವುದಾದ್ರೂ ಇದ್ಯಾ? ಹೆಜ್ಜೆ ಲೆಕ್ಕ ನೆನಪಿರೋದು?"

"ಟ್ಯಾಂಕಿನದ್ದು. ಮೆಟ್ಟಿಲಿಂದ ಸರಿಯಾಗಿ ನಲವತ್ತು."

ಮಾವನನ್ನು ಟ್ಯಾಂಕಿನ ಬಳಿ ಕರೆದೊಯ್ದು, ಕೊರಳಲ್ಲಿದ್ದ ಐದಡಿಯ ಹೊಲಿಗೆ ಟೇಪು ತೆಗೆದು ಮೆಟ್ಟಿಲಿನಿಂದ ವಾಲ್ವಿನವರೆಗೆ ಅಳೆದೆ. ಸರಿಯಾಗಿ ಇಪ್ಪತ್ತು ಟೇಪು, ನೂರಡಿ. ಅಂದರೆ ಮಾವನ ಹಳೆಯ ಹೆಜ್ಜೆ ಎರಡೂವರೆ ಅಡಿ. ಅದೇ ದೂರವನ್ನು ನಡೆಯಿರಿ ಎಂದರೆ ಅವರಿಗೀಗ ಐವತ್ತನಾಲ್ಕು ಹೆಜ್ಜೆ ಬೇಕಾಯಿತು. ಗಲ್ಲಿಗೆ ಓಡಿಬಂದೆ. ಇಪ್ಪತ್ತೆರಡು ಹಳೆಯ ಹೆಜ್ಜೆಗೆ ಐವತ್ತೈದು ಅಡಿ, ಹನ್ನೊಂದು ಟೇಪು. ನಾವು ಅಗೆದಿದ್ದ ಗುಂಡಿ ಹದಿನಾಲ್ಕು ಅಡಿ ಹಿಂದೆಯೇ ಉಳಿದಿತ್ತು.

ಹೊಸ ಜಾಗದಲ್ಲಿ ಅಗೆದಾಗ ಒಂದೂವರೆ ಅಡಿ ಆಳದಲ್ಲೇ ಹಾರೆ ಠಣ್ ಎಂದಿತು. ಮಾವ ಹಟ ಹಿಡಿದು ತಾವೇ ಬಗ್ಗಿ ವಾಲ್ವು ತಿರುಗಿಸಿ ಮುಚ್ಚಿದರು. ಅರ್ಧ ಗಂಟೆಯಲ್ಲಿ ಆಫೀಸಿನವರು ಟ್ಯಾಂಕಿನಿಂದ ನೀರು ಬಿಟ್ಟರು. ಆಸ್ಪತ್ರೆಯಿಂದ ಗಂಡ ಫೋನಿನಲ್ಲಿ ನಲ್ಲಿಯ ಸದ್ದು ಕೇಳಿಸಿದ. ನಾನು ಗಲ್ಲಿಯ ನಡುವೆ ನಿಂತು ಜೋರಾಗಿ ಅತ್ತೆ.

ಸಂಜೆ ಮಾವ ಒಂದೇ ಮಾತು ಹೇಳಿದರು: "ಆ ಸರ್ವೆ ಹುಡುಗಿನ ಕರಿ."

ಮಗಳು ಆರನೇ ದಿನ ಮನೆಗೆ ಬಂದಳು. ನಕ್ಷೆಗೆ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಅದರ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೇ ಎರಡು ಆಫೀಸಿನವರು ಮೂರು ಮೀಟಿಂಗು ಮಾಡಿದರು. ಮೂರನೆಯದಕ್ಕೆ ನಮ್ಮ ಗಲ್ಲಿಯ ಮಹಿಳಾ ಸಂಘದವರೆಲ್ಲ ಹೋಗಿ ಬಾಗಿಲಲ್ಲಿ ಕೂತೆವು. ಹೆಸರಿನ ಜಗಳ ಹತ್ತು ನಿಮಿಷಕ್ಕೆ ಬಗೆಹರಿಯಿತು.

ಮಾವ ಬೆಳಗಿನ ಹೊತ್ತು ಹುಡುಗಿಯ ಜೊತೆ ಬೀದಿ ಬೀದಿ ನಡೆದರು. ಅವರು ಹೆಜ್ಜೆ ಹೇಳುತ್ತಿದ್ದರು, ಅವಳು ಅದನ್ನು ಅಡಿಯ ಲೆಕ್ಕಕ್ಕೆ ತಂದು ಕೋಲು ನೆಟ್ಟು ಗುರುತು ಹಾಕುತ್ತಿದ್ದಳು. ಮೊನ್ನೆ ಎಡಗಡೆಯವರು ಕಂಬ ನೆಡಲು ಬಂದಾಗ ಮೊದಲು ಫೋನಿನಲ್ಲಿ ನಕ್ಷೆ ತೆರೆದರು. ಬಲಗಡೆಯವರ ಚರಂಡಿ ಕಂಡು ಮೂರಡಿ ಆಚೆ ಸರಿದು ಅಗೆದರು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಬೇಕಿತ್ತೇ?

ನಕ್ಷೆಯಲ್ಲಿ ಈಗ ನಲವತ್ತೆರಡು ವಾಲ್ವುಗಳಿವೆ. ಇನ್ನೊಂದಿದೆ. ಮಾವ ಅದಕ್ಕಾಗಿ ಮೂರು ಬೆಳಿಗ್ಗೆ ಒಂದೇ ತಿರುವಿನಲ್ಲಿ ನಿಂತರು. "ಒಂದು ಗೋಡೆಯಿಂದ ಎಣಿಸ್ತಿದ್ದೆ. ಗೋಡೆ ಕೆಡವಿದ್ದಾರೆ. ಎಷ್ಟು ಹೆಜ್ಜೆ ಅನ್ನೋದೂ ಹೋಯ್ತಮ್ಮಾ" ಎಂದರು. ಹುಡುಗಿ ಮೊದಲ ಸಲ ಬಂದ ದಿನ ಆ ಲೆಕ್ಕ ಅವರಿಗಿನ್ನೂ ನೆನಪಿತ್ತೋ ಏನೋ. ಅವತ್ತು ನಾನು ನಾಳೆ ಬಾ ಎಂದಿದ್ದೆ.

ಈ ಕಥೆ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸರ್ವೆಯವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಒಳಗೆ ಕರೆಯಿರಿ, ನಿಮಗೆ ಗೊತ್ತಿರುವುದನ್ನು ಹೇಳಿ. ನಿಮ್ಮ ಮನೆಯಲ್ಲಿ ಪೈಪು ಹಾಕಿದವರು, ಕಂಬ ನೆಟ್ಟವರು, ಚರಂಡಿ ಕಟ್ಟಿದವರು ಇದ್ದರೆ ಅವರ ಪಕ್ಕದಲ್ಲಿ ಇವತ್ತೇ ಕೂತು ಕೇಳಿ ಬರೆದುಕೊಳ್ಳಿ. ನಿಮ್ಮ ಊರಿನ ಆಫೀಸಿಗೂ ಅಕ್ಕಪಕ್ಕದ ಊರಿನ ಆಫೀಸಿಗೂ ನಕ್ಷೆ ಒಂದೇನಾ ಎಂದು ಹೋಗಿ ಕೇಳಿ. ಅಲ್ಲ ಎಂದರೆ ಯಾಕಲ್ಲ ಎಂದು ಕೇಳಿ, ಉತ್ತರ ಬರುವವರೆಗೆ ಬಾಗಿಲಲ್ಲಿ ಕೂತುಕೊಳ್ಳಿ.

ನಲವತ್ತಮೂರನೇ ವಾಲ್ವು ಎಲ್ಲಿದೆಯೋ ನಮಗಿನ್ನೂ ಗೊತ್ತಿಲ್ಲ. ಯಾರ ಮನೆಯ ಮಗು ಕುಡಿಯುವ ನೀರು ಅದರ ಮೇಲೆ ನಿಂತಿದೆಯೋ, ಅದೂ ಗೊತ್ತಿಲ್ಲ.