ಬಿಳಿ ಇದ್ದ ಜಾಗ

“ಆ ಮುಖ ತೆಗೆಯಿರಿ,” ಎಂದಳು ಅನಂತಮತಿ.

ಸಮ್ಮೇದ್ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಬಸದಿ ಸಮಿತಿಯ ಅಧ್ಯಕ್ಷ ವಿಮಲಕುಮಾರ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. ಮೂಡುಬಿದಿರೆಯ ಆ ಸಭಾಭವನದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದರು. ನಾಲ್ಕು ಗಂಟೆಗೆ ಸಿನಿಮಾ. ಸೂರ್ಯ ಮುಳುಗುವ ಮೊದಲು ಜೈನರೆಲ್ಲ ಉಣ್ಣಬೇಕಲ್ಲ. ಹಾಗಾಗಿ ಹಗಲಿನಲ್ಲಿಯೇ ಕತ್ತಲೆ ಮಾಡಿಕೊಳ್ಳಬೇಕಿತ್ತು.

“ತೆಗೆದರೆ ಅಲ್ಲಿ ಎಂತ ಉಂಟು ಅಕ್ಕ? ಬರೀ ಬಿಳಿ,” ಎಂದ ವಿಮಲಕುಮಾರ. “ಜನ ಪ್ರೊಜೆಕ್ಟರ್ ಹಾಳಾಯ್ತು ಅಂದುಕೊಳ್ತಾರೆ.”

“ಅಪ್ಪ ಕ್ಯಾಮೆರಾದಲ್ಲಿ ಹಿಡಿದದ್ದು ಆ ಬಿಳಿಯನ್ನೇ.”

ಅಪ್ಪ ಪದ್ಮರಾಜ ಯಾರೋ ಮಾರಿದ ಹಳೆಯ ಕ್ಯಾಮೆರಾ ಕೊಂಡು ತೀರ್ಥಂಕರರ ಕಥೆಯನ್ನು ಸಿನಿಮಾ ಮಾಡಿದ್ದ. ಅದಕ್ಕೆ ಧ್ವನಿ ಇರಲಿಲ್ಲ. ಜೀಪಿನಲ್ಲಿ ಬೆಳುವಾಯಿ, ಬಂಟ್ವಾಳ, ಮಾಣಿ ಎಂದು ತಿರುಗಿ, ಬಿಳಿ ಬಟ್ಟೆ ಕಟ್ಟಿ, ಕಥೆಯನ್ನು ತಾನೇ ಮೈಕಿನಲ್ಲಿ ಹೇಳುತ್ತಿದ್ದ. ಓದು ಬಾರದವರಿಗೆ ಧರ್ಮ ಕಣ್ಣಿನಿಂದ ಒಳಗೆ ಹೋಗಬೇಕು ಎನ್ನುತ್ತಿದ್ದ. ಆದರೆ ತೀರ್ಥಂಕರ ಸ್ವಾಮಿಯಾಗಿ ಮನುಷ್ಯನ ಮುಖ ತೋರಿಸಬಾರದು ಎಂಬ ಹಟ ಮಾತ್ರ ಬಿಡಲಿಲ್ಲ.

ಕೊನೆಯ ದೃಶ್ಯ ಸಮವಸರಣ, ಸ್ವಾಮಿಯ ಮಾತು ಕೇಳಲು ಮನುಷ್ಯರೂ ಪ್ರಾಣಿಗಳೂ ಒಟ್ಟಿಗೆ ಕೂರುವ ಸಭೆ. ಬೆಳುವಾಯಿಯ ಕೊಯ್ದ ಗದ್ದೆಯಲ್ಲಿ ಒಕ್ಕಲಿನವರನ್ನೂ ಅವರ ದನಗಳನ್ನೂ ಒಂದು ಆಡನ್ನೂ ಕೂರಿಸಿ ತೆಗೆದಿದ್ದ. ಎಲ್ಲರೂ ಒಂದೇ ಕಡೆ ನೋಡುತ್ತಾರೆ. ಅವರು ನೋಡುತ್ತಿರುವುದು ಮುಂದಿನ ಚಿತ್ರದಲ್ಲಿದೆ: ಸುಣ್ಣ ಬಳಿದ ಒಂದು ಗೋಡೆ. ಬೇರೇನೂ ಇಲ್ಲ. ಗೋಡೆ ಬಹಳ ಹೊತ್ತು ಹಾಗೆಯೇ ಇರುತ್ತದೆ. ಈಗ ಅದರ ಮೇಲೆ ಸಮ್ಮೇದ್ ಸ್ವಾಮಿಯ ಮುಖ ಕೂರಿಸಿದ್ದ.

ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಅನಂತಮತಿ ಬಸದಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸಿಟ್ಟಿನಿಂದ ಬಿಟ್ಟದ್ದಲ್ಲ. ಒಂದು ಬೆಳಿಗ್ಗೆ ಪ್ರದಕ್ಷಿಣೆ ಹಾಕುತ್ತಿದ್ದಾಗ, ತಾನು ಸುಮ್ಮನೆ ನಡೆಯುತ್ತಿದ್ದೇನೆ, ಅಷ್ಟೆ, ಅನಿಸಿತ್ತು. ಮನೆಗೆ ಬಂದು ಯಾರಿಗೂ ಹೇಳದೆ ಪಲ್ಯಕ್ಕೆ ಅಲಸಂಡೆ ಹೆಚ್ಚಿದ್ದಳು. ಆಮೇಲೆ ಉಳಿದದ್ದು ಆ ಗೋಡೆಯೊಂದೇ. ಅದರೆದುರು ಅವಳು ಭಕ್ತಿ ನಟಿಸಬೇಕಾಗಿರಲಿಲ್ಲ.

“ಮನುಷ್ಯನ ಮುಖ ಬರಬಾರದು ಅಂತ ತಾನೆ ಮೇಡಂ ನಿಯಮ?” ಎಂದ ಸಮ್ಮೇದ್. “ಇದು ಕಂಪ್ಯೂಟರ್ ಮಾಡಿದ್ದು. ಯಾರ ಮುಖವೂ ಅಲ್ಲ.”

ಅವಳ ವಿದ್ಯಾರ್ಥಿಯಾಗಿದ್ದವನು. ಪರೀಕ್ಷೆಯಲ್ಲೂ ಹೀಗೆಯೇ ಬರೆಯುತ್ತಿದ್ದ. ತಪ್ಪು ಹುಡುಕುವುದು ಕಷ್ಟ, ಅಂಕ ಕೊಡುವುದು ಇನ್ನೂ ಕಷ್ಟ.

“ಯಾರದ್ದೂ ಅಲ್ಲದ ಮುಖವನ್ನು ಯಾಕೆ ಮಾರಾಯ ಇಷ್ಟು ಚಂದ ಮಾಡಿದೆ?”

ಅವನು ನಾಚಿ ನಕ್ಕ. ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿತ್ತು. ಎದ್ದು ಹೋಗಿ ಎಲ್ಲಿಂದಲೋ ಒಂದು ದಿಂಬು ತಂದು ಅವಳ ಕುರ್ಚಿಗೆ ಹಾಕಿದ. ಅವನ ಮೇಲೆ ಸಿಟ್ಟಾಗುವುದು ಕಷ್ಟವಾಯಿತು. ಅದಕ್ಕೇ ಸಿಟ್ಟು ಬಂತು.

“ನಾಳೆ ಇದು ಎಲ್ಲರ ಮೊಬೈಲಿಗೂ ಹೋಗ್ತದೆ,” ಎಂದ ವಿಮಲಕುಮಾರ. “ನಿಮ್ಮ ಅಪ್ಪ ಜೀಪಿನಲ್ಲಿ ಸುತ್ತಿ ಮಾಡಿದ್ದನ್ನು ನಾವು ಕೂತಲ್ಲೇ ಮಾಡ್ತೇವೆ. ಅವರು ಇದ್ದಿದ್ದರೆ ಎಷ್ಟು ಖುಷಿಪಡ್ತಿದ್ದರು!”

ಸತ್ತವರನ್ನು ಖುಷಿಪಡಿಸುವುದು ಸುಲಭ. ಹಳೆಯ ರೀಲು ಹುಳಿ ವಾಸನೆ ಹಿಡಿದು ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಪ್ಯೂಟರಿಗೆ ಪ್ರತಿ ತೆಗೆದ ಮೇಲೆ ಅದನ್ನು ಮತ್ತೆ ಓಡಿಸುವಂತಿರಲಿಲ್ಲ. ಈಗ ಗೋಡೆ ಇದ್ದರೆ ಸಮ್ಮೇದ್‌ನ ಲ್ಯಾಪ್‌ಟಾಪಿನಲ್ಲಿ, ಆ ಮುಖದ ಅಡಿಯಲ್ಲಿ.

“ಅಪ್ಪನ ಮಾತುಗಳು ನನಗೊಬ್ಬಳಿಗೇ ಗೊತ್ತಿರುವುದು,” ಎಂದಳು. “ಹೇಳ್ತೇನೆ. ಆದರೆ ಮುಖ ಬಂದರೆ ನಾನು ಮಾತಾಡುವುದಿಲ್ಲ.”

“ನೋಡುವ ಅಕ್ಕ,” ಎಂದು ನಕ್ಕ ವಿಮಲಕುಮಾರ. ತೀರ್ಮಾನ ಆಗಿಹೋಗಿದೆ, ನೋಡುವುದಕ್ಕೆ ಏನೂ ಉಳಿದಿಲ್ಲ ಎಂಬುದು ಆ ನಗುವಿನಲ್ಲಿತ್ತು.

ಬಂಟ್ವಾಳದಿಂದ ಪ್ರೊಜೆಕ್ಟರು, ಮೈಕು ತಂದಿದ್ದ ಮೊಯ್ದೀನ್ ಅವಳಿಗೊಂದು ಲೋಟ ನೀಡಿದ.

“ಬಿಸಿನೀರು ಮೇಡಂ, ಗಂಟಲಿಗೆ. ಶುಂಠಿ ಗಿಂಠಿ ಹಾಕ್ಲಿಲ್ಲ. ನಿಮಗೆ ಆಗುವುದಿಲ್ಲ ಅಲ್ವ?”

ಜೈನರು ಮುಟ್ಟದ, ನೆಲದಡಿ ಬೆಳೆದದ್ದನ್ನೂ ಅವಳು ಈಗ ತಿನ್ನುತ್ತಿದ್ದಳು. ಹೇಳಿದರೆ ಅವನ ಜಾಗ್ರತೆ ವ್ಯರ್ಥವಾಗುತ್ತಿತ್ತು. ಕುಡಿದಳು.

“ನನ್ನ ತಂದೆ ಈ ಸಿನಿಮಾ ನೋಡಿದ್ರಂತೆ. ಕೊನೆಗೆ ಬಿಳಿ ಬರ್ತದಲ್ಲ, ಆಗ ಬೀಡಿ ಸೇದುವವರು ಸಹ ಬೀಡಿ ನಂದಿಸ್ತಿದ್ರಂತೆ.”

“ಈಗ ಬಿಳಿ ಇಲ್ಲ ಮೊಯ್ದೀನ್.”

“ಹೌದಾ?” ಅವನು ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ಇಳಿಸಿದ. “ಸ್ವಿಚ್ ಇಲ್ಲಿ ಉಂಟು. ಸಾಕು ಅನಿಸಿದರೆ ನೀವೇ ಆಫ್ ಮಾಡಿ. ನಾನು ಬಂದು ಹಾಕುವುದಿಲ್ಲ.”

ಭವನ ತುಂಬಿತು. ಕತ್ತಲಾಯಿತು. ರಾಜ ಬಂದ, ಸಿಂಹಾಸನ ಬಿಟ್ಟ, ಕಾಡಿಗೆ ಹೋದ. ಬೆನ್ನು ಮಾತ್ರ, ನೆರಳು ಮಾತ್ರ. ಅನಂತಮತಿಯ ಬಾಯಿಯಿಂದ ಅಪ್ಪನ ಮಾತುಗಳು ಒಂದೂ ತಪ್ಪದೆ ಬಂದವು. ನಂಬದವಳು ಹೇಳಿದರೂ ಅವು ಚೆನ್ನಾಗಿಯೇ ಕೇಳಿಸುತ್ತಿದ್ದವು. ಅದು ಅವಳಿಗೆ ಹೆದರಿಕೆ ಹುಟ್ಟಿಸಿತು.

ಗದ್ದೆ ಬಂತು. ದನಗಳು, ಆಡು, ಮೇಲೆ ನೋಡುವ ಮುಖಗಳು. ಅವಳು ಮೈಕಿನ ಸ್ವಿಚ್ ಒತ್ತಿದಳು.

ಆ ಮುಖ ಬಂತು. ನುಣುಪಾದ, ವಯಸ್ಸಿಲ್ಲದ ಮುಖ. ಒಬ್ಬೊಬ್ಬರನ್ನೇ ಹುಡುಕಿ ನೋಡುವಂತೆ ನೋಡಿ, ಸಣ್ಣಗೆ ಮುಗುಳ್ನಕ್ಕಿತು.

ಯಾಕೆ ನಿಲ್ಲಿಸಿದಿರಿ ಎಂದು ಯಾರಾದರೂ ಕೇಳುತ್ತಾರೆ, ಆಗ ಹೇಳಬೇಕು ಎಂದು ಅವಳು ಮಾತು ಜೋಡಿಸಿಟ್ಟುಕೊಂಡಿದ್ದಳು. ಯಾರೂ ಕೇಳಲಿಲ್ಲ. ಯಾರೋ ಮೂಗೆಳೆದುಕೊಂಡರು. ಒಬ್ಬರ ನಂತರ ಒಬ್ಬರು ಕೈ ಮುಗಿದರು.

ವಿಮಲಕುಮಾರ ಅವಳ ಕಿವಿಯ ಹತ್ತಿರ ಬಾಗಿದ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. “ಸರಿಯಾಗಿ ಅಲ್ಲಿಯೇ ಸುಮ್ಮನಾದಿರಿ ಅಕ್ಕ. ಇದಕ್ಕಿಂತ ಭಕ್ತಿ ಇನ್ನೆಂತ ಬೇಕು!”

ಅವಳು ಎದ್ದಳು. ಕುರ್ಚಿಗಳ ನಡುವೆ ನಡೆದು, ವೇದಿಕೆಯ ಮೆಟ್ಟಿಲು ಹತ್ತಿ, ಪರದೆಗೆ ಬೆನ್ನು ಮಾಡಿ ಬೆಳಕಿನಲ್ಲಿ ನಿಂತಳು.

“ಇದು ನನ್ನ ಅಪ್ಪನ ಸಿನಿಮಾ ಅಲ್ಲ,” ಎಂದಳು. “ಅಲ್ಲಿ ಯಾರೂ ಇಲ್ಲ. ಯಾರೂ ಇರಲಿಲ್ಲ.”

ಮೈಕಿಲ್ಲದ ಧ್ವನಿ ಎಷ್ಟು ದೂರ ಹೋಯಿತೋ ತಿಳಿಯಲಿಲ್ಲ. ಹಿಂದೆ ಪರದೆಯ ಮೇಲೆ, ಆ ಮುಖದ ನಟ್ಟನಡುವೆ, ಹೆಂಗಸಿನ ಆಕಾರದ ಒಂದು ಕಪ್ಪು ತೂತು ಬಿದ್ದಿತ್ತು. ಪ್ರೊಜೆಕ್ಟರಿನ ಬೆಳಕು ನೇರ ಕಣ್ಣಿಗೆ ಹೊಡೆಯಿತು. ಎದುರಿಗೆ ಜನ ಇದ್ದಾರೋ ಇಲ್ಲವೋ ಕಾಣಿಸಲಿಲ್ಲ. ಬೆಳಕಿಗೆ ಅಡ್ಡವಾಗಿ ಅವಳು ಬಲಗೈ ಎತ್ತಿದಳು, ಅಂಗೈ ಮುಂದೆ ಮಾಡಿ.

ಅಂಗೈಯ ನೆರಳಿನಲ್ಲಿ ಮೊದಲ ಸಾಲು ಕಂಡಿತು. ಅಲ್ಲಿದ್ದ ಮುದುಕಿಯೊಬ್ಬಳು ಎತ್ತಿದ ಕೈಯನ್ನು ನೋಡಿ, ಆಶೀರ್ವಾದ ಪಡೆಯುವವಳಂತೆ ಮೆಲ್ಲಗೆ ತಲೆ ಬಾಗಿಸಿದಳು. ಪಕ್ಕದವರೂ ಬಾಗಿಸಿದರು. ಆಮೇಲೆ ಹಿಂದಿನ ಸಾಲು, ಅದರ ಹಿಂದಿನ ಸಾಲು.

ಕೈ ಇಳಿಸಿದರೆ ಕಣ್ಣು ಕುಕ್ಕುತ್ತಿತ್ತು. ಅವಳು ಹಾಗೆಯೇ ಎತ್ತಿ ಹಿಡಿದು ನಿಂತಳು.