ಗುರುತಿಲ್ಲದ ಚೀಲ

ಕೆಂಪಗೆ ಒಂದು ಹನಿ, ಕೊಳವೆಯ ಬಾಯಲ್ಲಿ ದಪ್ಪವಾಗಿ, ಇನ್ನೇನು ಬಿತ್ತು ಎನ್ನುವಷ್ಟರಲ್ಲಿ ತಡೆದು, ಬಿತ್ತು — ಅಂದರೆ ಕಣ್ಣು ಕಾಣುತ್ತಿದೆ, ಅಂದರೆ ತಾನಿನ್ನೂ ಇದ್ದಾನೆ, ಎದೆ ಸೀಳಿ ಹೊಲಿದ ಮೇಲೂ ಇದ್ದಾನೆ, ಅಬ್ಬಾ, ಗಟ್ಟಿ ಪಿಂಡ, ಲಾಂಡ್ರಿಯವನು ಅಷ್ಟು ಸುಲಭಕ್ಕೆ ಹೋಗುವ ಆಸಾಮಿಯಲ್ಲ — ಗಂಟಲು ಒಣಗಿ ಮರಳಾಗಿದೆ, ಎದೆಯ ಮೇಲೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಮರೆತು ಹೋದ ಹಾಗೆ, ಇರಲಿ, ಉರಿಯುತ್ತಿದ್ದರೆ ಜೀವ ಇದೆ ಅಂತಲೇ ಅರ್ಥ — ಆ ಹನಿ ಯಾರದು, ತನ್ನದೇ ಇರಬೇಕು, ಆಪರೇಶನ್ನಿಗೆ ಮೊದಲೇ ತನ್ನ ರಕ್ತ ತಾನೇ ಕೊಟ್ಟು ಇಡಿಸಿದ್ದನಲ್ಲ, ಬೇರೆಯವರದು ಒಂದು ತೊಟ್ಟೂ ಬೇಡ ಡಾಕ್ಟ್ರೇ, ನಾಲ್ಕು ಜನರ ಬಟ್ಟೆ ಒಗೆಯೋನು ನಾನು, ಒಬ್ಬರದು ಇನ್ನೊಬ್ಬರ ಮೈಮೇಲೆ ಹೋದ್ರೆ ಏನಾಗುತ್ತೆ ಅಂತ ಗೊತ್ತು, ಡಾಕ್ಟರು ನಕ್ಕು, ಸರಿ ಯಜಮಾನ್ರೇ, ನಿಮ್ಮದನ್ನೇ ಕೊಡಿ, ಎರಡು ಚೀಲ ಬೇಕಾಗಬಹುದು ಎಂದಿದ್ದರು, ಕಬ್ಬಿಣದ ಮಾತ್ರೆ ನುಂಗಿ ನುಂಗಿ ನಾಲಿಗೆಯೆಲ್ಲ ತುಕ್ಕು, ಹೆಂಡತಿಗೋ ನಗು, ನಿಮ್ಮ ರಕ್ತ ನಿಮಗೇ ದಾನ, ಇದೊಳ್ಳೆ ಕತೆ ಆಯ್ತಲ್ರೀ, ಪುಣ್ಯ ಯಾರಿಗೆ ಬರೋದು — ಮೊದಲ ಚೀಲ ಸುಸೂತ್ರವಾಗಿ ತುಂಬಿ ಆಸ್ಪತ್ರೆಯ ಫ್ರಿಜ್ಜಿನೊಳಗೆ ಹೋಯಿತು, ಎರಡನೆಯದು, ಥೂ, ಈ ಕೈಗಿಷ್ಟು ಬೆಂಕಿ ಹಾಕ, ಎರಡನೆಯದು ತುಂಬಿ ಬೆಚ್ಚಗೆ ಪಕ್ಕದ ಮೇಜಿನ ಮೇಲಿತ್ತು, ನರ್ಸಮ್ಮ ಅತ್ತ ತಿರುಗಿದ್ದಳು, ಚೀಟಿ ಅಂಟಿಸಿದ್ದರು ನಿಜ, ಆದರೆ ಚೀಟಿಯನ್ನು ನಂಬುವುದುಂಟೇ, ನೀರು ತಾಗಿದರೆ ಎಂಥ ಚೀಟಿಯೂ ಉದುರುತ್ತದೆ, ಅಂಗಡಿಯಲ್ಲಿ ಇಲ್ಲಿಯತನಕ ಒಂದು ಕರವಸ್ತ್ರವೂ ಅದಲುಬದಲಾಗದೆ ಇರುವುದು ಗುರುತಿನ ಶಾಯಿಯಿಂದ, ಆ ಪೆನ್ನು ಜೇಬಿನಲ್ಲೇ ಇತ್ತು, ಚೀಲದ ಮೂಲೆಗೆ ಎರಡು ಚುಕ್ಕೆ, ಒಂದು ಗೀಟು, ಅಂಗಿಯ ಕಾಲರಿಗೆ ಹಾಕುವ ಹಾಗೆಯೇ — ಅಯ್ಯೋ ದೇವರೇ, ಏನ್ ಮಾಡಿದ್ರಿ, ಶಾಯಿ ಪ್ಲಾಸ್ಟಿಕ್ ದಾಟಿ ಒಳಗೆ ಇಳಿಯಬಹುದು ಕಣ್ರೀ, ಇನ್ನಿದನ್ನ ನಿಮಗೆ ಹಾಕೋ ಹಾಗೇ ಇಲ್ಲ, ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡಳು, ಚೆಲ್ಲಿಬಿಟ್ಟರು, ಇನ್ನೊಂದು ಚೀಲ ತೆಗೀರಿ ಎಂದು ಅಂಗಲಾಚಿದರೆ, ಈಗ ತೆಗೆದ್ರೆ ಮೈಯಲ್ಲಿ ಏನೂ ಉಳಿಯಲ್ಲ, ಆಪರೇಶನ್ ಮುಂದಕ್ಕೆ ಹಾಕಿದ್ರೆ ಹೃದಯ ಕಾಯಲ್ಲ, ಒಂದು ಚೀಲ ಸಾಲದಿದ್ರೆ ಬೇರೆಯವರ ರಕ್ತ ಹಾಕ್ತೀವಿ, ಒಪ್ಪಿಗೆನಾ, ಎಂದರು ಡಾಕ್ಟರು, ಹೆಂಡತಿಯೇ ಮುಂದೆ ಬಂದು, ಹಾಕಿ ಡಾಕ್ಟ್ರೇ, ಯಾರದಾದ್ರೂ ಹಾಕಿ, ನನಗೆ ಈ ಮನುಷ್ಯ ಬೇಕು — ಜನರೆದುರು ಅಂಥ ಮಾತು ಎಂದೂ ಆಡಿದವಳಲ್ಲ.

ಪಾದದ ಮೇಲೆ ಕೈ, ಸೋಪಿನ ನೀರಲ್ಲಿ ಒರಟಾದ ಕೈ, ಅವಳೇ, ಎದ್ರಾ, ಸದ್ಯ, ಮಾತಾಡಬೇಡಿ, ಇವನು ಕೊಳವೆಯತ್ತ ಕಣ್ಣು ಮಾಡಿ, ಅದು ನಂದಾ, ಗಾಳಿಯಂಥ ದನಿ, ನಿಮ್ಮದು ಅರ್ಧದಲ್ಲೇ ಮುಗೀತಂತೆ, ಇದು ಯಾರದೋ, ಹೆಸರು ಹೇಳಲ್ವಂತೆ — ಯಾರದೋ, ಈಗ ಮೈ ಝುಮ್ಮೆನ್ನಬೇಕು, ತುರಿಸಬೇಕು, ನನ್ನದಲ್ಲ ಎಂದು ಒದರಬೇಕು, ಕಾದ, ಕಾದ, ಮೈ ತೆಪ್ಪಗಿದೆ, ಬೆಚ್ಚಗೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಬಿಟ್ಟಿದೆ, ಯಾರೋ ಒಬ್ಬ ಅಂಗಿ ತೋಳು ಮಡಚಿ ಕೂತಿರಬೇಕು, ಯಾರಿಗೆ ಹಾಕ್ತೀರಿ ಎಂದು ಕೇಳದೆಯೇ ಎದ್ದು, ತೋಳು ಬಿಡಿಸಿಕೊಂಡು, ಬಸ್ಸು ಹಿಡಿದು ಕೆಲಸಕ್ಕೆ ಹೋಗಿರಬೇಕು, ಪುಣ್ಯಾತ್ಮ, ಅಥವಾ ಪುಣ್ಯಾತ್ಗಿತ್ತಿ — ಯಾಕ್ರೀ ಕಣ್ಣಲ್ಲಿ ನೀರು, ನೋವಾ, ಇಲ್ಲ ಕಣೇ, ಹಗುರ, ಎಷ್ಟು ಹಗುರ ಅಂದ್ರೆ, ಸಾಕು ಸುಮ್ನಿರಿ, ಹೊಲಿಗೆ ಬಿಚ್ಚೀತು, ಬೈಯುತ್ತ ತಾನೇ ಮೂಗು ಒರೆಸಿಕೊಳ್ಳುತ್ತಿದ್ದಾಳೆ, ಇವನ ಕಣ್ಣು ಅಭ್ಯಾಸಬಲದಿಂದ ಚೀಲದ ಮೂಲೆ ಮೂಲೆ ಹುಡುಕುತ್ತದೆ, ಚುಕ್ಕೆಯಿಲ್ಲ, ಗೀಟಿಲ್ಲ, ಕೆಳಗೆ ಹನಿ ದಪ್ಪವಾಗುತ್ತಿದೆ, ತಡೆದಿದೆ, ಬಿತ್ತು, ಯಾರದೋ, ಬಿತ್ತು, ಯಾರದೋ, ಇನ್ನೊಂದು —