ತಲೆದೆಸೆಯ ಹಲಗೆ

ಮುನಿರಾಜ ಬಾಗಿಲು ಒದ್ದು ಒಳಗೆ ಬಂದಾಗ ವನಿತಾಳ ಬಾಯಿ ತುಂಬ ಮೊಳೆಗಳಿದ್ದವು.

ಸೋಫಾ ಕೆಲಸದವರು ಮೊಳೆಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಒಂದು ಕೈ ರೆಗ್ಜಿನ್ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ನಾಲಿಗೆ ಒಂದೊಂದೇ ಮೊಳೆಯನ್ನು ತುಟಿಗೆ ತಂದು ಕೊಡುತ್ತದೆ, ಸುತ್ತಿಗೆಯ ಅಯಸ್ಕಾಂತ ಅದನ್ನು ಎತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮಾತಾಡಬಾರದು, ನಗಬಾರದು, ಬೆಚ್ಚಿಬೀಳಲಂತೂ ಬಾರದು.

"ಮಂಚ ಎಲ್ಲೇ?" ಎಂದ ಮುನಿರಾಜ.

ಮಂಚ ಅವನ ಕಣ್ಣೆದುರಿಗೇ ಇತ್ತು. ಆದರೆ ಅದೀಗ ಸೋಫಾ ಆಗಿತ್ತು.

ಬಂಗಾರಪೇಟೆಯ ಕುಷನ್ ಅಂಗಡಿಯಲ್ಲಿ ಮುನಿರಾಜನ ಕೈಗೆ ದೊಡ್ಡ ಹೆಸರು. ಹಳೇ ಮಂಚ, ಮುರಿದ ಬೆಂಚು, ಯಾವುದೋ ಬಾಗಿಲು, ಏನು ತಂದುಕೊಟ್ಟರೂ ಮದುವೆ ಮನೆಗೆ ಒಪ್ಪುವಂಥ ಸೋಫಾ ಮಾಡುತ್ತಿದ್ದ. ಸ್ವಂತ ಮನೆಗೆ ಮಾತ್ರ ಒಂದು ಸ್ಟೂಲನ್ನೂ ಮಾಡಿದವನಲ್ಲ. ಕೆಲಸ ಹೆಚ್ಚಾದಾಗ ಊರಿಗಾಂನ, ಗೋಡೆಗೆ ಗೋಡೆ ಅಂಟಿದ ಗಣಿ ಕಾರ್ಮಿಕರ ಈ ಲೈನ್ ಮನೆಗೇ ಹೊತ್ತು ತರುತ್ತಿದ್ದ. ನವಾರು ಪಟ್ಟಿಯ ಇನ್ನೊಂದು ತುದಿ ಎಳೆದು ಹಿಡಿಯುತ್ತಲೇ ವನಿತಾ ಕೆಲಸ ಕಲಿತಳು. ಆ ಕೈಯನ್ನು ಹೊಗಳುವ ಜನ, ಅದು ಮನೆಯಲ್ಲಿ ಏನು ಮಾಡುತ್ತದೆ ಎಂದು ಕೇಳಿದವರಲ್ಲ.

ಮಂಚ ಚಾಂಪಿಯನ್ ರೀಫ್ಸ್‌ನ ಗಣಿ ಸಾಹೇಬರ ಹಳೇ ಬಂಗಲೆಯದು. ಗಟ್ಟಿ ತೇಗ. ಸಿಟ್ಟು ಬಂದಾಗ ಮುನಿರಾಜ ಹೆಂಡತಿಯ ಜುಟ್ಟು ಹಿಡಿದು ತಲೆ ಜಜ್ಜುತ್ತಿದ್ದುದು ಅದರ ತಲೆದೆಸೆಯ ಹಲಗೆಗೆ. ಸಿಟ್ಟು ಬರಲು ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು. ಸಂಕ್ರಾಂತಿಗೆ ಮುಂಚೆ ಎಡಗಿವಿಯಿಂದ ರಕ್ತ ಬಂದು, ಅದು ಕೇಳುವುದನ್ನೇ ನಿಲ್ಲಿಸಿತು. ಆಸ್ಪತ್ರೆಯ ಡಾಕ್ಟರಮ್ಮ ಬಲಗಿವಿ ಮುಟ್ಟಿ, "ಇದಕ್ಕೂ ಏಟು ಬಿದ್ದರೆ ನನ್ನ ಕೈಲಿ ಏನೂ ಆಗಲ್ಲಮ್ಮ" ಎಂದಿದ್ದರು.

ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ವನಿತಾ ಯೋಚಿಸಿದ್ದಳು. ಗಂಡನನ್ನು ಬದಲಾಯಿಸುವುದು ತನ್ನಿಂದಾಗದು. ಹಲಗೆಯನ್ನು ಬದಲಾಯಿಸಬಹುದು. ಇವತ್ತು ಅವನು ರೈಲು ಹತ್ತಿದ್ದೇ ತಡ ಗರಗಸ ತೆಗೆದಳು. ಮಂಚ ಕೊಯ್ದು, ಕಾಲು ಗಿಡ್ಡ ಮಾಡಿ, ತಲೆದೆಸೆಯ ಹಲಗೆಯನ್ನೇ ಒರಗು ಮಾಡಿದಳು. ಅದರ ಮೇಲೆ ನಾರು, ನಾರಿನ ಮೇಲೆ ಫೋಮು, ಫೋಮಿನ ಮೇಲೆ ಯಾರ್‍ಯಾರದೋ ಸೋಫಾಗಳಿಂದ ಉಳಿದ ರೆಗ್ಜಿನ್ ತುಂಡುಗಳು. ಸಂಜೆಯೊಳಗೆ ಮುಗಿಯುತ್ತಿತ್ತು. ಅಂಗಡಿ ಸಾಲಿನಲ್ಲಿ ಯಾರೋ ತೀರಿಕೊಂಡರೆಂದು ಶಟರ್ ಎಳೆದು ಮುನಿರಾಜ ಮಧ್ಯಾಹ್ನವೇ ಬಂದುಬಿಟ್ಟ.

"ಕೇಳ್ತಾ ಇವ್ನಿ, ಬಾಯಿ ಬಿಡೇ! ಯಾರನ್ನ ಕೇಳಿ ಕೊಯ್ದೆ?"

ವನಿತಾ ಸ್ವಲ್ಪ ತಾಳು ಎಂಬಂತೆ ಕೈ ಎತ್ತಿದಳು.

"ಕೈ ತೋರಿಸ್ತೀಯಾ ನಂಗೆ?"

ಅತ್ತೆ ನರಸಮ್ಮ ಟಿವಿ ಮುಂದೆ ನೆಲದ ಮೇಲೆ ಕೂತಿದ್ದಳು. ಕೆಟ್ಟವಳೇನಲ್ಲ. ಜಗಳ ಶುರುವಾದರೆ ರಿಮೋಟು ತೆಗೆದು ಸೌಂಡು ಜಾಸ್ತಿ ಮಾಡುತ್ತಿದ್ದಳು, ಅಷ್ಟೇ. ಅಕ್ಕಪಕ್ಕದವರಿಗೆ ಕೇಳಬಾರದಲ್ಲ. ನರಸಮ್ಮನ ಸೀರಿಯಲ್ಲು ಜೋರಾಯಿತೆಂದರೆ ಇಡೀ ಲೈನಿಗೆ ವಿಷಯ ಗೊತ್ತಾಗುತ್ತಿತ್ತು ಎಂಬುದು ಬೇರೆ ಮಾತು. ಈಗಲೂ ಅವಳ ಹೆಬ್ಬೆರಳು ತಾನೇ ತಾನಾಗಿ ರಿಮೋಟು ಒತ್ತಿತು.

ಮುನಿರಾಜ ವನಿತಾಳ ಜುಟ್ಟು ಹಿಡಿದು ಎಳೆದು ತಂದು ಒರಗಿಗೆ ಅಪ್ಪಳಿಸಿದ.

ಸದ್ದೇ ಬರಲಿಲ್ಲ. ಮುಖ ಫೋಮಿನೊಳಗೆ ಹೋಗಿ ಹಾಗೇ ವಾಪಸ್ಸು ಬಂತು. ತಲೆಗೆ ಏನೂ ಆಗಲಿಲ್ಲ, ಆದರೆ ಮೊಳೆಗಳು ಕೆನ್ನೆಗೆ ಚುಚ್ಚಿ ಬಾಯಿ ಉಪ್ಪುಪ್ಪಾಯಿತು. ಒಂದೇ ಒಂದು ಗಂಟಲಿಗೆ ಇಳಿದರೆ ಕಥೆ ಮುಗಿಯಿತು. ಹಲ್ಲು ಕಚ್ಚಿದಳು. ಅವನು ಮತ್ತೆ ಅಪ್ಪಳಿಸಿದ. ಮತ್ತೆ ಹಾಗೇ.

ಸದ್ದು ಬಾರದ್ದಕ್ಕೆ ನರಸಮ್ಮ ಗಾಬರಿಯಾಗಿ ಟಿವಿ ಸೌಂಡು ತಗ್ಗಿಸಿ ತಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ತಿರುಗಿ ನೋಡಿದ್ದು ಅದೇ ಮೊದಲು.

ಮುನಿರಾಜ, ಗಿರಾಕಿಯ ಸೋಫಾ ನೋಡುವವನಂತೆ, ಹೆಬ್ಬೆರಳಿನಿಂದ ಒರಗನ್ನು ಒತ್ತಿದ. "ಡಬಲ್ ಫೋಮ್ ಹಾಕಿದೀಯೇನೇ?" ಎಂದ. ಯಾಕೆ ಹಾಕಿದ್ದಾಳೆಂದು ಆಮೇಲೆ ಹೊಳೆಯಿತು. ಮುಖ ಕಪ್ಪಿಟ್ಟಿತು.

"ಅಂಗೋ ಸಮಾಚಾರ!"

ನೆಲದ ಮೇಲಿದ್ದ ಕಟರ್ ಎತ್ತಿಕೊಂಡು ರೆಗ್ಜಿನ್ನನ್ನು ಮೇಲಿಂದ ಕೆಳಕ್ಕೆ ಸೀಳಿದ. ಫೋಮು ಕಿತ್ತು ಎಸೆದ, ನಾರು ಬಾಚಿ ಎಸೆದ. ಅಡಿಯಲ್ಲಿ ಹಲಗೆ ಕಾಣಿಸಿತು. ಅದರ ಮೇಲೆ ಅವಳ ತಲೆಯೆಣ್ಣೆಯ ಹಳೇ ಕಲೆ ಹಾಗೇ ಇತ್ತು.

"ಇವಾಗ ನೋಡ್ತೀನಿ ಕಣೇ, ಎಂಗೆ ಸದ್ದು ಬರಲ್ಲ ಅಂತ."

ಕಟರ್ ಬಿಸಾಡಿ, ಸೋಫಾ ಅಲುಗಾಡದಂತೆ ಒಂದು ಕೈಯನ್ನು ಹಲಗೆಯ ಮೇಲೆ ಊರಿದ. ಇನ್ನೊಂದರಿಂದ ಜುಟ್ಟು ತಿರುಚಿ ಅವಳ ಬಲಗಿವಿಯನ್ನು ಹಲಗೆಯ ಕಡೆಗೆ ತಿರುಗಿಸಿದ.

ಇಷ್ಟಾದರೂ ವನಿತಾ ಸುತ್ತಿಗೆ ಬಿಟ್ಟಿರಲಿಲ್ಲ. ಮೊದಲ ಏಟು ಮೊಳೆ ನಿಲ್ಲಿಸಲಿಕ್ಕೆ, ಎರಡನೆಯದು ಕೂರಿಸಲಿಕ್ಕೆ ಎಂದು ಕಲಿಸಿಕೊಟ್ಟವನು ಅವನೇ. ಹಲಗೆಯ ಮೇಲಿದ್ದ ಅವನ ಕೈಗೆ ಅವಳು ಎರಡೂ ಹೊಡೆದಳು.

ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಅವಳಿಗೂ ಕೇಳಿಸಿತು.

"ಅಮ್ಮಾ! ಕೈ ಓಯ್ತಲ್ಲಮ್ಮಾ! ಬಾರಮ್ಮಾ!" ಮುನಿರಾಜ ಕೈ ಅವುಚಿಕೊಂಡು ನೆಲಕ್ಕೆ ಕುಸಿದು ಅರಚತೊಡಗಿದ.

ನರಸಮ್ಮ ಎದ್ದಳು. ಮಗನ ಹತ್ತಿರ ಬಂದು ನಿಂತಳು. ಅವನನ್ನೇ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ರಿಮೋಟು ಎತ್ತಿ, ಸೌಂಡನ್ನು ಇನ್ನು ಜಾಸ್ತಿಯಾಗದು ಎನ್ನುವಷ್ಟು ಜಾಸ್ತಿ ಮಾಡಿದಳು.

ವನಿತಾ ಹರಿದ ಸೋಫಾದ ಮೇಲೆ ಕುಸಿದು ಕೂತಿದ್ದಳು. ನರಸಮ್ಮ ಅವಳ ಎಡಕ್ಕೆ ಕೂರಲು ಹೋದವಳು ತಡೆದು, ಸುತ್ತಿ ಬಂದು ಬಲಕ್ಕೆ ಕೂತಳು. ಕಿವಿಯ ಹತ್ತಿರ ಬಾಯಿ ತಂದಳು.

"ಮೊಳೆ ಉಗಿಯೇ ತಾಯಿ."

ಗಲ್ಲದ ಕೆಳಗೆ ಅಂಗೈ ಬಟ್ಟಲು ಮಾಡಿ ಹಿಡಿದಳು. ವನಿತಾ ಬಾಯಿ ತೆರೆದಳು. ಮೊಳೆಗಳು ಕೆಂಪಗೆ, ಒದ್ದೆಯಾಗಿ, ಒಂದೊಂದೇ ಆ ಕೈಗೆ ಬಿದ್ದವು.